ಒಂದು ಕೆಜಿ ಅಡಿಕೆ ಎಲ್ಲಿ ಹೋಯ್ತು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕಿವಿ, ಮೂಗು, ನಾಲಿಗೆ ಬಗ್ಗೆನೇ ಇದಾವೆ. ಮಳೆ ಹಿಡ್ಕೊಂಡಿದೆ, ಮನೆಯಿಂದ ಹೊರಗೆ ಹೋಗೋ ಹಂಗಿಲ್ಲ, ಇಂಥ ಯೋಚನೆ ಬರೋದು ಸಹಜ ಬಿಡಿ. ನಾಲ್ಕು ಪ್ರಶ್ನೆ ಆರಿಸ್ಕೊಂಡಿದೀನಿ, ಮೊದಲನೇದಕ್ಕೇ ಜಾಗ ಜಾಸ್ತಿ ಹೋಗಿದೆ, ಉಳಿದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು): ಮೇಡಂ, ಒಂದು ಕೆಜಿ ಸಕ್ಕರೆ ಪೊಟ್ಟಣದಲ್ಲಿ 50 ಗ್ರಾಂ ಕಮ್ಮಿ ಇದ್ರೆ ನನ್ನ ಕೈಗೆ ಗೊತ್ತಾಗ್ತದೆ. ಆದ್ರೆ ಮೊನ್ನೆ ನಾನು ತೂಗಿ ಕಟ್ಟಿಟ್ಟ 60 ಕೆಜಿ ಅಡಿಕೆ ಚೀಲದಿಂದ ನಮ್ಮ ಮನೆಯವಳು ಒಂದು ಕೆಜಿ ತೆಗೆದಿಟ್ಟಿದ್ಲು, ಚೀಲ ಬೆನ್ನ ಮೇಲೆ ಹಾಕ್ಕೊಂಡು ಗಾಡಿಗೆ ಹೇರಿದ್ರೂ ಗೊತ್ತಾಗ್ಲಿಲ್ಲ, ಶಿವಮೊಗ್ಗದ ಮಂಡಿಲಿ ತೂಗಿದಾಗ್ಲೇ ಗೊತ್ತಾಗಿದ್ದು. 50 ಗ್ರಾಂ ಹಿಡಿಯೋ ಕೈಗೆ ಒಂದು ಕೆಜಿ ಯಾಕೆ ಸಿಗ್ಲಿಲ್ಲ?

ಉತ್ತರ: ಮೊದಲು ಹೇಳ್ಬಿಡ್ತೀನಿ, ಮನೆಯವರ ಹತ್ರ ಜಗಳ ಆಡ್ಬೇಡಿ, ತಪ್ಪು ಅವರದ್ದೇ ಇರಬಹುದು ಆದ್ರೆ ಲೆಕ್ಕ ಅವರ ಕಡೆಗಿದೆ.

ತಕ್ಕಡಿಗೆ 50 ಗ್ರಾಂ ಅಂದ್ರೆ ಎಲ್ಲಿ ಇಟ್ರೂ 50 ಗ್ರಾಂ. ನಮ್ಮ ಕೈ ಹಂಗಲ್ಲ ಮಾರಾಯ್ರೆ, ಅದು ನೋಡೋದು ಎಷ್ಟರಲ್ಲಿ ಎಷ್ಟು ಅಂತ. ಇದನ್ನ ಮೊದಲು ಸರಿಯಾಗಿ ಅಳೆದು ನೋಡಿದ್ದು ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದ ಅರ್ನ್‌ಸ್ಟ್ ವೇಬರ್ ಅಂತ ಒಬ್ಬ ವೈದ್ಯ, 1834ರಲ್ಲಿ ಸ್ಪರ್ಶದ ಬಗ್ಗೆ ಲ್ಯಾಟಿನ್‌ನಲ್ಲಿ ಪುಸ್ತಕ ಬರೆದವನು. ಜನರ ಕೈಗೆ ತೂಕ ಕೊಟ್ಟು ಎತ್ತಿಸಿ ಯಾವುದು ಭಾರ ಅಂತ ಕೇಳ್ತಾ ಹೋದ, ಗೊತ್ತಾಗೋ ಕನಿಷ್ಠ ವ್ಯತ್ಯಾಸ ಅನ್ನೋದು ಇಂತಿಷ್ಟೇ ಗ್ರಾಂ ಅಂತ ಇರೋದಿಲ್ಲ, ಮೂಲ ತೂಕದ ಇಂತಿಷ್ಟು ಪಾಲು ಅಂತ ಇರ್ತದೆ ಅನ್ನೋದು ಕಂಡ್ಕೊಂಡ. ಎತ್ತೋ ತೂಕಕ್ಕೆ ನಮ್ಮ ಪಾಠಪುಸ್ತಕಗಳಲ್ಲಿ ಕೊಡೋ ಅಂಕಿ ಸುಮಾರು ಶೇ 2. ಒಂದು ಕೆಜಿ ಪೊಟ್ಟಣಕ್ಕೆ ಶೇ 2 ಅಂದ್ರೆ 20 ಗ್ರಾಂ, ಹಂಗಾಗಿ 50 ಗ್ರಾಂ ನಿಮ್ಮ ಕೈಗೆ ಆರಾಮಾಗಿ ಸಿಕ್ತು. 60 ಕೆಜಿಗೆ ಅದೇ ಲೆಕ್ಕ ಹಾಕಿ, 1 ಕೆಜಿ 200 ಗ್ರಾಂ ಆಗ್ತದೆ. ನಿಮ್ಮ ಮನೆಯವರು ತೆಗೆದಿದ್ದು ಅದಕ್ಕಿಂತ ಕಮ್ಮಿ! ವೇಬರ್ ಓದಿಕೊಂಡೇ ತೆಗೆದ್ರೋ ಏನೋ. (ತೀರಾ ಹಗುರದ ತೂಕಕ್ಕೆ, ತೀರಾ ಭಾರಕ್ಕೆ ಈ ಲೆಕ್ಕ ಇಷ್ಟು ನೀಟಾಗಿ ಕೂರಲ್ಲ, ಬೆನ್ನ ಮೇಲೆ ಹೊರೋದು ಕೈಲಿ ಎತ್ತೋದು ಬೇರೆ ಬೇರೆ ಕೂಡ, ಆದ್ರೆ ವಿಷಯ ಇದೇ.)

ಇದನ್ನೆಲ್ಲ ಅಳೆಯೋದು ಹೆಂಗೆ ಅಂತ ನೀವು ಕೇಳಿಲ್ಲ, ನಾನೇ ಹೇಳ್ತೀನಿ, ಯಾಕಂದ್ರೆ ಮಜಾ ಇರೋದೇ ಅಲ್ಲಿ. "ಭಾರ ಅನ್ನಿಸ್ತು" ಅನ್ನೋ ಅನ್ನಿಸಿಕೆಯನ್ನ ತಲೆ ಬಿಚ್ಚಿ ಹೊರಗೆ ತೆಗೆದು ತೂಗಕ್ಕಾಗಲ್ಲ. ಅದಕ್ಕೇ ವಿಜ್ಞಾನಿಗಳು ಸುಮ್ನೆ ಇದಾ ಅದಾ ಅಂತ ಕೇಳ್ತಾರೆ, ನೂರಾರು ಸಲ ಕೇಳ್ತಾರೆ. ಹೋದ ರಜೆಲಿ ನಾನು ಅಕ್ಕನ ಮಗನ್ನ ಕೂರಿಸ್ಕೊಂಡು ಇದನ್ನ ಮನೇಲೇ ಮಾಡಿದೆ. ಒಂದೇ ಥರದ ಎರಡು ಸ್ಟೀಲ್ ಲೋಟ, ಒಳಗೆ ಅಕ್ಕಿ, ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ. ಒಂದು ಲೋಟ ಯಾವಾಗ್ಲೂ 500 ಗ್ರಾಂ, ಇನ್ನೊಂದು ಒಂದ್ಸಲ 505, ಒಂದ್ಸಲ 510, ಒಂದ್ಸಲ 520, ಹಿಂದೆ ಮುಂದೆ ಮಾಡಿ ಕೊಡೋದು, ಅವನ ಕಣ್ಣಿಗೆ ನನ್ನ ಹಳೇ ವೇಲ್ ಕಟ್ಟಿದ್ದೆ. 505ಕ್ಕೆ ಅವನು ಹೇಳಿದ್ದು ನಾಣ್ಯ ಚಿಮ್ಮಿಸಿದ ಹಂಗೆ, ಅರ್ಧ ಸರಿ ಅರ್ಧ ತಪ್ಪು. 520ಕ್ಕೆ ಬಂದಾಗ ತಪ್ಪೋದು ಅಪರೂಪ ಆಯ್ತು. ಎಲ್ಲೋ ಮಧ್ಯೆ, ನೂರಕ್ಕೆ 75 ಸಲ ಸರಿ ಹೇಳೋ ಜಾಗ ಇದ್ಯಲ್ಲ, ಅದನ್ನೇ ಕನಿಷ್ಠ ವ್ಯತ್ಯಾಸ ಅಂತ ಬರ್ಕೊಳ್ಳೋದು. ಯಾಕೆ 75 ಅಂದ್ರೆ ಏನೂ ಗೊತ್ತಾಗದೆ ಅಂದಾಜಲ್ಲಿ ಹೇಳಿದ್ರೂ 50 ಸರಿ ಬಂದೇ ಬರ್ತದೆ, 50ಕ್ಕೂ 100ಕ್ಕೂ ನಡುವಿನ ಜಾಗ ಅದು.

ಆಮೇಲೆ ಹುಡುಗನಿಗೆ ಬೇಜಾರು ಬಂದು ವೇಲ್ ಕಿತ್ತು ಹಾಕಿ, ದೊಡ್ಡ ಪ್ಲಾಸ್ಟಿಕ್ ಡಬ್ಬಿಗೂ ಸಣ್ಣ ಲೋಟಕ್ಕೂ ಒಂದೇ ತೂಕ ಬರೋ ಹಂಗೆ ಅಕ್ಕಿ ತುಂಬಿ ಎತ್ತಿ ನೋಡಿದ. "ಚಿಕ್ಕಿ, ಲೋಟನೇ ಭಾರ" ಅಂದ. ತಕ್ಕಡಿ ಮೇಲೆ ಇಟ್ಟು ತೋರಿಸ್ದೆ. ಮತ್ತೆ ಎತ್ತಿದ, ಮತ್ತೆ ಲೋಟನೇ ಭಾರ ಅಂದ. ಇದನ್ನ ಫ್ರಾನ್ಸಿನ ಶಾರ್ಪಾಂತಿಯೇ 1891ರಲ್ಲೇ ಬರೆದಿಟ್ಟಿದ್ದ, ಒಂದೇ ತೂಕದ ಎರಡು ವಸ್ತುಗಳಲ್ಲಿ ಸಣ್ಣದೇ ಭಾರ ಅನ್ನಿಸ್ತದೆ, ನಿಜ ಗೊತ್ತಾದ ಮೇಲೂ ಹಂಗೇ ಅನ್ನಿಸ್ತದೆ. ಚರ್ಮ, ಸ್ನಾಯು ಕಳಿಸೋ ಸುದ್ದಿ ಸಂವೇದನೆ, ಅದಕ್ಕೆ ಮಿದುಳು ತನ್ನ ನಿರೀಕ್ಷೆ ಸೇರಿಸಿ ಕೊಡೋ ತೀರ್ಪು ಗ್ರಹಿಕೆ. ಡಬ್ಬಿ ದೊಡ್ಡದಿದೆ, ಭಾರ ಇರಬೇಕು ಅಂತ ಮಿದುಳು ಮೊದಲೇ ತಯಾರಾಗಿರ್ತದೆ, ಅಷ್ಟು ಭಾರ ಇಲ್ಲ ಅಂದ ಕೂಡ್ಲೇ ಹಗುರ ಅಂತ ಹೇಳ್ಬಿಡ್ತದೆ.

ವೇಬರ್‌ನ ಕೆಲಸ ಮುಂದೆ ತಗೊಂಡು ಹೋದವನು ಅದೇ ಲೈಪ್‌ಜಿಗ್‌ನ ಫೆಕ್ನರ್. ಫಿಸಿಕ್ಸ್ ಮೇಷ್ಟ್ರು, ಸೂರ್ಯನ್ನ ನೋಡಿ ನೋಡಿ ಕಣ್ಣು ಹಾಳು ಮಾಡ್ಕೊಂಡು ಕೆಲಸ ಬಿಟ್ಟು ಕತ್ತಲೆ ಕೋಣೆಲಿ ಕೂತವನು. 1850ರ ಅಕ್ಟೋಬರ್ 22ರ ಬೆಳಿಗ್ಗೆ ಹಾಸಿಗೆಲಿ ಮಲಗಿದ್ದಾಗ ಹೊಳೀತಂತೆ, ಅನ್ನಿಸಿಕೆ ಒಂದೊಂದೇ ಮೆಟ್ಟಿಲು ಏರಬೇಕಾದ್ರೆ ಹೊರಗಿನದ್ದು ಪಟ್ಟು ಪಟ್ಟಾಗಿ ಏರಬೇಕು ಅಂತ. ಕರೆಂಟ್ ಹೋದ ರಾತ್ರಿ ನೆನಪು ಮಾಡ್ಕೊಳ್ಳಿ (ನಮ್ಮ ಕಡೆ ಕಷ್ಟ ಇಲ್ಲ ನೆನಪು ಮಾಡ್ಕೊಳ್ಳೋದು). ಒಂದು ಮೇಣದಬತ್ತಿ ಪಕ್ಕ ಇನ್ನೊಂದು ಹಚ್ಚಿದ್ರೆ ಕೋಣೆಯೇ ಬದಲಾದ ಹಂಗಾಗ್ತದೆ, ಇಪ್ಪತ್ತು ಉರೀತಿರೋವಾಗ ಇಪ್ಪತ್ತೊಂದನೇದು ಹಚ್ಚಿ, ಯಾರೂ ತಲೆ ಎತ್ತಲ್ಲ. ಇದೆಲ್ಲ ಸೇರಿಸಿ 1860ರಲ್ಲಿ ಪುಸ್ತಕ ಮಾಡ್ದ, ಅನ್ನಿಸಿಕೆ ಅಳೆಯೋ ವಿಜ್ಞಾನ ಶುರುವಾಗಿದ್ದು ಅಲ್ಲಿಂದ. ನೂರು ವರ್ಷ ಆದ್ಮೇಲೆ ಅಮೆರಿಕದ ಸ್ಟೀವನ್ಸ್ ಬಂದು ಎಲ್ಲದಕ್ಕೂ ಒಂದೇ ಸೂತ್ರ ನಡೆಯಲ್ಲ ಅಂದ. ಬೆಳಕು ಎರಡು ಪಟ್ಟಾದ್ರೆ ನಮಗೆ ಅನ್ನಿಸೋದು ಬರೀ ಕಾಲು ಭಾಗ ಜಾಸ್ತಿ, ಅದೇ ಕರೆಂಟ್ ಶಾಕ್ ಎರಡು ಪಟ್ಟಾದ್ರೆ ಅನ್ನಿಸೋದು ಹನ್ನೊಂದು ಪಟ್ಟು. ತೋಟದ ಸೋಲಾರ್ ಬೇಲಿ ಮುಟ್ಟಿದವರು ಒಪ್ಕೊಳ್ತಾರೆ. ದಯವಿಟ್ಟು ಇದನ್ನ ಮನೇಲಿ ಟ್ರೈ ಮಾಡ್ಬೇಡಿ.

ಪ್ರಶ್ನೆ (ಸಾಗರದಿಂದ ಒಬ್ಬ ಸೊಸೆ): ಅತ್ತೆಯವರಿಗೆ ಕಿವಿ ಮಂದ ಆಗಿದೆ ಅಂತ ಟೆಸ್ಟಿಗೆ ಕರ್ಕೊಂಡು ಹೋಗಿದ್ವಿ. ಹೆಡ್‌ಫೋನ್ ಹಾಕಿ ಬೀಪ್ ಕೇಳಿಸಿದಾಗ ಬಟನ್ ಒತ್ತಿ ಅಂದ್ರು. ಸದ್ದೇ ಇಲ್ಲದಾಗ್ಲೂ ಅತ್ತೆ ಒತ್ತಿದ್ರಂತೆ, ಅಲ್ಲಿದ್ದವರು ಎಲ್ಲರ ಮುಂದೆ ನಕ್ಕುಬಿಟ್ರು. ಅತ್ತೆಗೆ ಅವಮಾನ ಆಗಿದೆ, ಇನ್ನು ಹೋಗಲ್ಲ ಅಂತಾರೆ. ಅವರು ಸುಳ್ಳು ಒತ್ತಿದ್ರಾ?

ಉತ್ತರ: ನಕ್ಕವರಿಗೆ ನಾಚಿಕೆ ಆಗ್ಬೇಕು. ಸದ್ದಿಲ್ಲದಾಗ ಒತ್ತೋದು ಎಲ್ಲರೂ ಮಾಡ್ತಾರೆ, ಟೆಸ್ಟ್ ಮಾಡೋರಿಗೆ ಅದು ಗೊತ್ತಿರ್ಬೇಕು, ಅದಕ್ಕೇ ಅವರು ಬೀಪ್‌ಗಳ ನಡುವೆ ಗ್ಯಾಪ್ ಹಿಂದೆ ಮುಂದೆ ಮಾಡೋದು.

ಕೇಳಿಸೋದು, ಕೇಳಿಸದೇ ಇರೋದು ಅಂತ ಮಧ್ಯೆ ಬೇಲಿ ಹಾಕಿದ ಗೆರೆ ಇಲ್ಲ. ಅದೇ ಸಣ್ಣ ಬೀಪ್ ಒಂದ್ಸಲ ಕೇಳ್ತದೆ, ಇನ್ನೊಂದ್ಸಲ ಕೇಳಲ್ಲ. ಹತ್ತರಲ್ಲಿ ಐದು ಸಲ ಕೇಳಿಸೋ ಮಟ್ಟವನ್ನ ಮಿತಿ ಅಂತ ಇಟ್ಕೊಳ್ತಾರೆ. ಟೆಸ್ಟಲ್ಲಿ ಒತ್ತಿದ್ರೆ ಸದ್ದು 10 ಡೆಸಿಬಲ್ ಇಳಿಸ್ತಾರೆ, ಒತ್ತದಿದ್ರೆ 5 ಏರಿಸ್ತಾರೆ, ಹಿಂಗೇ ಮೆಟ್ಟಿಲು ಹತ್ತಿ ಇಳಿದು ಮಿತಿ ಹುಡುಕೋದು. ಟೆಸ್ಟ್ ಆದ್ಮೇಲೆ ಕೊಡೋ ಚಾರ್ಟಲ್ಲಿ ಸೊನ್ನೆ ಅಂತಿದ್ರೆ ಸದ್ದೇ ಇಲ್ಲ ಅಂತಲ್ಲ, ಆರೋಗ್ಯವಾಗಿರೋ ಹರೆಯದವರ ಕಿವಿಗೆ ಸರಾಸರಿ ಕೇಳಿಸೋ ಕನಿಷ್ಠ ಸದ್ದು ಅದು.

ಈಗ ಅತ್ತೆ ವಿಷಯ. ಗದ್ದೆ ಮಾಳದಲ್ಲಿ ರಾತ್ರಿ ಕಾವಲು ಕೂತವರನ್ನ ನೆನೆಸ್ಕೊಳ್ಳಿ. ಸರಕ್ ಅಂತು, ಹಂದಿಯೋ ಗಾಳಿಯೋ ಗೊತ್ತಿಲ್ಲ. ಪ್ರತಿ ಸರಕ್‌ಗೂ ಕೂಗು ಹಾಕಿ ಡಬ್ಬ ಬಡಿಯೋನು ಹಂದಿ ತಪ್ಪಿಸ್ಕೊಳ್ಳಕ್ಕೆ ಬಿಡಲ್ಲ, ಆದ್ರೆ ಗಾಳಿಗೂ ಬಡೀತಾನೆ. ಖಾತ್ರಿ ಆಗ್ಲಿ ಅಂತ ಕಾಯೋನು ಸುಮ್ಮಸುಮ್ನೆ ಬಡಿಯಲ್ಲ, ಬೆಳಿಗ್ಗೆ ನೋಡಿದ್ರೆ ಅರ್ಧ ಗದ್ದೆ ಹಂದಿ ಹೊಟ್ಟೆಲಿ. ಇಬ್ಬರ ಕಿವಿಯೂ ಅಷ್ಟೇ ಚುರುಕು, ಹೌದು ಅನ್ನೋ ಧೈರ್ಯ ಬೇರೆ ಬೇರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್ ಪರದೆ ಮೇಲೆ ಮಿಣುಕಿದ್ದು ವಿಮಾನವೋ ಅಲ್ವೋ ಅನ್ನೋದೂ ಇದೇ ತಕರಾರು, ಆ ಲೆಕ್ಕವೇ 1950ರ ದಶಕದಲ್ಲಿ ಸಿಗ್ನಲ್ ಡಿಟೆಕ್ಷನ್ ಥಿಯರಿ ಅಂತ ಮನಶ್ಶಾಸ್ತ್ರಕ್ಕೆ ಬಂತು. ಸದ್ದಿದ್ದಾಗ ಎಷ್ಟು ಸಲ ಒತ್ತಿದ್ರು, ಇಲ್ಲದಾಗ ಎಷ್ಟು ಸಲ ಒತ್ತಿದ್ರು, ಎರಡೂ ಇಟ್ಕೊಂಡ್ರೆ ಕಿವಿ ಎಷ್ಟು, ಮನಸ್ಸು ಎಷ್ಟು ಅಂತ ಬೇರೆ ಮಾಡ್ಬಹುದು. ನಿಮ್ಮ ಅತ್ತೆ ಡಬ್ಬ ಬಡಿಯೋ ಪೈಕಿ, ಅಷ್ಟೇ. ಕಿವಿಲಿ ಗುಂಯ್ ಅನ್ನೋ ಸದ್ದು ಇರೋರಿಗೂ ಬೀಪ್ ಅಂತ ಭ್ರಮೆ ಆಗೋದುಂಟು, ಅದನ್ನ ಮುಂದಿನ ಸಲ ಮೊದಲೇ ಹೇಳಿ. ಇನ್ನೊಂದು ಜಾಗಕ್ಕೆ ಕರ್ಕೊಂಡು ಹೋಗಿ, ಆದ್ರೆ ಬಿಡ್ಬೇಡಿ. ನಾನೂ ಕಾಲಿಗೆ ಒಂದು ಉಂಬಳ ಹತ್ತಿದ್ದು ನೋಡಿದ ದಿನ ಸಂಜೆ ತನಕ ತುರಿಸಿದ್ದೆಲ್ಲ ಉಂಬಳ ಅಂತ ಸೀರೆ ಎತ್ತಿ ಎತ್ತಿ ನೋಡ್ತಿರ್ತೀನಿ.

ಪ್ರಶ್ನೆ (ಶಿವಮೊಗ್ಗದ ಪಿಯುಸಿ ವಿದ್ಯಾರ್ಥಿನಿ): ನಾಲಿಗೆ ತುದಿಲಿ ಸಿಹಿ, ಹಿಂದೆ ಕಹಿ ಅಂತ ಚಿತ್ರ ಬರೆಸಿದಾರೆ. ಅದ್ರಲ್ಲಿ ಖಾರ ಎಲ್ಲಿ?

ಉತ್ತರ: ಮಗಳೇ, ಆ ಚಿತ್ರನೇ ತಪ್ಪು. 1901ರಲ್ಲಿ ಹೆನಿಗ್ ಅನ್ನೋ ಜರ್ಮನ್ ಅಳೆದಿದ್ದು ಬರೀ ಸಣ್ಣ ಸಣ್ಣ ವ್ಯತ್ಯಾಸ, ಆಮೇಲೆ ಬಂದವರು ಅದನ್ನ ಆಸ್ತಿ ಪಾಲು ಮಾಡಿದ ಹಂಗೆ ಗೆರೆ ಎಳೆದ್ರು. ಸಕ್ಕರೆ ತಗೊಂಡು ನಾಲಿಗೆ ಪಕ್ಕಕ್ಕೆ ಇಟ್ಟು ನೋಡು, ಅಲ್ಲೂ ಸಿಹಿನೇ. ಪರೀಕ್ಷೆಲಿ ಮಾತ್ರ ಕೇಳಿದ್ದು ಬರೆದು ಬಾ.

ಖಾರ ಚಿತ್ರದಲ್ಲಿ ಇಲ್ಲ ಯಾಕಂದ್ರೆ ಅದು ರುಚಿನೇ ಅಲ್ಲ, ಉರಿ. ಸುಮಾರು 43 ಡಿಗ್ರಿ ಮೇಲಿನ ಬಿಸಿಗೆ ಎಚ್ಚರ ಆಗೋ ಟಿಆರ್‌ಪಿವಿ1 ಅನ್ನೋ ಪ್ರೊಟೀನ್ ನಮ್ಮ ನರಗಳಲ್ಲಿದೆ, ಮೆಣಸಿನಕಾಯಿಲಿರೋ ಕ್ಯಾಪ್ಸೈಸಿನ್ ಅನ್ನೋ ಖಾರದ ಅಂಶ ಅದೇ ಬಾಗಿಲು ತೆಗೆಯುತ್ತೆ, ಮಿದುಳಿಗೆ ಬಾಯಿ ಸುಡ್ತಿದೆ ಅಂತಲೇ ಸುದ್ದಿ ಹೋಗ್ತದೆ. ಸೂಜಿಮೆಣಸು ಕುಯ್ದ ಕೈಲಿ ಕಣ್ಣು ಉಜ್ಜಿದ್ರೆ ಕಣ್ಣೂ ಉರಿಯೋದು ಅದಕ್ಕೇ, ಕಣ್ಣಿಗೆ ರುಚಿ ಇಲ್ವಲ್ಲ. 1997ರಲ್ಲಿ ಇದನ್ನ ಹುಡುಕಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಹಕ್ಕಿಗಳಲ್ಲಿ ಈ ಪ್ರೊಟೀನ್‌ಗೆ ಕ್ಯಾಪ್ಸೈಸಿನ್ ನಾಟಲ್ಲ, ಪಿಕಳಾರ ಆರಾಮಾಗಿ ಹಣ್ಣು ತಿಂದು ಬೀಜ ಉದುರಿಸಿ ಹೋಗ್ತದೆ, ನಿಮ್ಮ ಅಜ್ಜಿ ಮನೆ ಹಿತ್ತಲಲ್ಲಿ ಯಾರೂ ನೆಡದೆ ಸೂಜಿಮೆಣಸು ಹುಟ್ಟೋದು ಹಂಗೆ.

ಅಳೆಯೋದೂ ಇತ್ತು. 1912ರಲ್ಲಿ ಅಮೆರಿಕದ ಸ್ಕೋವಿಲ್ ಮೆಣಸಿನ ಸಾರಕ್ಕೆ ಸಕ್ಕರೆ ನೀರು ಬೆರೆಸ್ತಾ ಬೆರೆಸ್ತಾ ರುಚಿ ನೋಡೋರಿಗೆ ಉರಿ ಗೊತ್ತಾಗದ ತನಕ ಹೋದ, ಎಷ್ಟು ಪಟ್ಟು ಬೆರೆಸ್ಬೇಕಾಯ್ತೋ ಅದೇ ಖಾರದ ಅಂಕಿ. ಈಗ ಮೆಷಿನ್ ಅಳೆಯುತ್ತೆ, ಹೆಸರು ಮಾತ್ರ ಅವನದ್ದೇ ಉಳಿದಿದೆ.

ಪ್ರಶ್ನೆ (ಹೊಸನಗರ): ಸುಗ್ಗಿಲಿ ಅಡಿಕೆ ಬೇಯಿಸೋ ಚೊಗರಿನ ವಾಸನೆ ನಮಗೆ ಬರೋದೇ ಇಲ್ಲ. ಬೆಂಗಳೂರಿಂದ ಬಂದ ಮಗಳು ಮೂಗು ಮುಚ್ಕೊಂಡೇ ಒಳಗೆ ಬರ್ತಾಳೆ. ನಮ್ಮ ಮೂಗು ಕೆಟ್ಟಿದ್ಯಾ?

ಉತ್ತರ: ಇಲ್ಲ, ಹೊಂದ್ಕೊಂಡಿದೆ. ಒಂದೇ ವಾಸನೆ ಬರ್ತಾನೇ ಇದ್ರೆ ಮೂಗು ಸುದ್ದಿ ಕಳಿಸೋದು ಕಮ್ಮಿ ಮಾಡ್ತದೆ, ಮಗಳೂ ಸ್ವಲ್ಪ ಹೊತ್ತು ಒಲೆ ಹತ್ರ ಕೂತ್ರೆ ಮರೀತಾಳೆ. ಇದ್ರಲ್ಲಿ ಒಂದು ಅಪಾಯ ಇದೆ, ಗ್ಯಾಸ್ ಸಿಲಿಂಡರ್‌ಗೆ ಲೀಕ್ ಆದ್ರೆ ಗೊತ್ತಾಗ್ಲಿ ಅಂತಲೇ ಕೆಟ್ಟ ವಾಸನೆ ಸೇರಿಸಿರ್ತಾರೆ, ಅದಕ್ಕೂ ಮೂಗು ಹಿಂಗೇ ಹೊಂದ್ಕೊಳ್ತದೆ. ಆಗ ಬಂತು ಈಗ ಇಲ್ಲ ಅಂತ ಸುಮ್ನಾಗ್ಬೇಡಿ, ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ತೆಗೆದು, ಲೈಟ್ ಸ್ವಿಚ್ ಮುಟ್ಟದೆ ಹೊರಗೆ ಬನ್ನಿ, ಆಗ ತಾನೇ ತೋಟದಿಂದ ಬಂದವರ ಹತ್ರ ವಾಸನೆ ಇದ್ಯಾ ಅಂತ ಕೇಳಿ.