ಕ್ವಾರಿಯ ಸಿಡಿಮದ್ದೂ ಬಾವಿಯ ನೀರೂ

ಪ್ರಶ್ನೆ: ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ಹಲವು ವರ್ಷಗಳಿಂದ ಜಿಲೆಟಿನ್ ಇಟ್ಟು ಬಂಡೆ ಸಿಡಿಸುತ್ತಿದ್ದಾರೆ. ಬಾವಿ ನೀರಿನ ವರದಿಯಲ್ಲಿ ‘ನೈಟ್ರೇಟ್ 14’ ಎಂದಿದೆ. ಇದು ಸಿಡಿಮದ್ದಿನಿಂದ ಬಂದದ್ದೇ? ಕುದಿಸಿ ಕುಡಿಯಬಹುದೇ?
– ಅಡಿಕೆ ಬೆಳೆಗಾರರೊಬ್ಬರು, ಶಿವಮೊಗ್ಗ ತಾಲ್ಲೂಕು

ಉತ್ತರ: ಆ 14 ಯಾವ ಲೆಕ್ಕದ್ದೆಂದು ಮೊದಲು ಪ್ರಯೋಗಾಲಯದವರನ್ನು ಕೇಳಿ. ನೈಟ್ರೇಟಿನದೇ ಲೆಕ್ಕವಾದರೆ ಚಿಂತೆಯಿಲ್ಲ. ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದರೊಳಗಿನ ನೈಟ್ರೋಜನ್‌ನ ಲೆಕ್ಕವಾದರೆ 4.43ರಿಂದ ಗುಣಿಸಬೇಕು, ಆಗ ಅದು 62 ಆಗಿ ಮಿತಿಯನ್ನು ದಾಟುತ್ತದೆ. ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಸಾಂದ್ರವಾಗುವುದರಿಂದ, ಮಿತಿ ಮೀರಿದ ನೀರಿನಲ್ಲಿ ಹಸುಗೂಸಿಗೆ ಹಾಲಿನ ಪುಡಿ ಕಲಸಲೇಬಾರದು.

ಈಗಿನ ಕ್ವಾರಿ ಮದ್ದಿನಲ್ಲಿ ಹೆಚ್ಚಿನ ಪಾಲು ಅಮೋನಿಯಂ ನೈಟ್ರೇಟ್. ಪೂರ್ತಿ ಸಿಡಿದಾಗ ಉಳಿಯುವುದು ಅತ್ಯಲ್ಪ. ತೇವದ ಕುಳಿಯಲ್ಲಿ ಸಿಡಿಯದೆ ಉಳಿದದ್ದು, ತುಂಬುವಾಗ ಚೆಲ್ಲಿದ್ದು ಮಳೆಗೆ ಕರಗಿ, ಮಣ್ಣಿಗೆ ಅಂಟಿಕೊಳ್ಳದೆ ಅಂತರ್ಜಲಕ್ಕೆ ಇಳಿಯುತ್ತದೆ. ಆದರೆ ಯೂರಿಯಾ, ಗೊಬ್ಬರಗುಂಡಿ, ಶೌಚದ ಗುಂಡಿಗಳಿಂದಲೂ ಬರುವುದು ಇದೇ ನೈಟ್ರೇಟ್; ಈ ವಿಷಯದಲ್ಲಿ ನಮ್ಮ ಅಡಿಕೆ ತೋಟಗಳೇನೂ ನಿರ್ದೋಷಿಗಳಲ್ಲ. ಆದ್ದರಿಂದ ಒಂದೇ ಬಾವಿಯ ಒಂದೇ ವರದಿಯಿಂದ ಕ್ವಾರಿಯ ಮೇಲೆ ದೂರು ನಿಲ್ಲುವುದಿಲ್ಲ.

ಕ್ವಾರಿಗಿಂತ ಮೇಲಿರುವ ಒರತೆ, ಕ್ವಾರಿಯಿಂದ ಹರಿದುಬರುವ ಕಾಲುವೆ, ನಿಮ್ಮ ಬಾವಿ, ಗುಡ್ಡದ ಆಚೆ ಮಗ್ಗುಲಲ್ಲಿ ತೋಟವಿದ್ದೂ ಕ್ವಾರಿಯಿಲ್ಲದ ಕಡೆಯ ಒಂದು ಬಾವಿ, ಈ ನಾಲ್ಕರ ನೀರನ್ನೂ ಒಂದೇ ದಿನ ತೆಗೆಯಿರಿ. ಮುಂಗಾರಿನ ಮೊದಲ ಜೋರುಮಳೆಯ ನಂತರ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ತೆಗೆದರೆ ಉತ್ತಮ. ನೈಟ್ರೇಟಿನ ಜೊತೆಗೆ ಅಮೋನಿಯಾ ಮತ್ತು ಇ-ಕೋಲಿ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) ಪರೀಕ್ಷೆಯನ್ನೂ ಕೇಳಿ. ಕಾಲುವೆಯಲ್ಲಿ ಅಮೋನಿಯಾ, ನೈಟ್ರೇಟ್ ಎರಡೂ ಹೆಚ್ಚಿದ್ದು ಇ-ಕೋಲಿ ಇಲ್ಲದಿದ್ದರೆ ಅನುಮಾನ ಕ್ವಾರಿಯತ್ತ ವಾಲುತ್ತದೆ. ಬಾವಿಯಲ್ಲಿ ಇ-ಕೋಲಿಯೂ ಕಂಡರೆ ಮೊದಲು ಕೊಟ್ಟಿಗೆಯ ಕಡೆ ನೋಡಿ. ಸೀಸೆಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು 48 ಗಂಟೆಯೊಳಗೆ ಪರೀಕ್ಷೆಯಾಗುವಂತೆ ತಲುಪಿಸಬೇಕು. ಇ-ಕೋಲಿಯ ಮಾದರಿ ಮಾತ್ರ ಬೇರೆ: ಪ್ರಯೋಗಾಲಯ ಕೊಡುವ ಕ್ರಿಮಿರಹಿತ ಸೀಸೆಯನ್ನು ತೊಳೆಯದೆಯೇ ತುಂಬಿ, ಅದೇ ದಿನ ಮುಟ್ಟಿಸಬೇಕು.

ಟಿಎನ್‌ಟಿ, ಆರ್‌ಡಿಎಕ್ಸ್ ಎಂಬ ಸಿಡಿಮದ್ದುಗಳ ಪತ್ತೆಗೆ ಎಚ್‌ಪಿಎಲ್‌ಸಿ (ನೀರಿನಲ್ಲಿ ಬೆರೆತ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ) ಯಂತ್ರವಿರುವ ಪ್ರಯೋಗಾಲಯವೂ, ಬೆಳಕಿಗೆ ಟಿಎನ್‌ಟಿ ಕೆಡುವುದರಿಂದ ಕಂದು ಗಾಜಿನ ಸೀಸೆಯೂ ಬೇಕು. ಅವು ಮುಖ್ಯವಾಗಿ ಸೇನಾ ಮದ್ದುಗಳು. ಸದ್ಯಕ್ಕೆ ಅದಕ್ಕೆ ದುಡ್ಡು ಸುರಿಯಬೇಡಿ.

ಮಾದರಿ ತೆಗೆದ ದಿನ, ಗಂಟೆ, ಮಳೆ, ತೋಟಕ್ಕೆ ಗೊಬ್ಬರ ಹಾಕಿದ ದಿನ ಇವಿಷ್ಟನ್ನು ಬರೆದಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡುವ ಅರ್ಜಿಯೊಂದಿಗೆ ಲಗತ್ತಿಸಿ.