ಒಂದು ಕೋಣೆಗೆ ಕೂಲರ್ ತಗೊಳ್ಳಲಾ, ಪೋರ್ಟಬಲ್ ಎಸಿ ತಗೊಳ್ಳಲಾ?

ನೀವು ಕೇಳಿರುವುದು ಹೀಗೆ: ಮಲಗುವ ಕೋಣೆ, ಸುಮಾರು 12 ಅಡಿಗೆ 10 ಅಡಿ. ಒಂದು ಕಿಟಕಿ, ಒಂದು ಬಾಗಿಲು. ಗೋಡೆ ಕೊರೆಯುವ ಹಾಗಿಲ್ಲ, ಹಾಗಾಗಿ ಸ್ಪ್ಲಿಟ್ ಎಸಿ ಹಾಕಿಸಲು ಆಗುವುದಿಲ್ಲ. ಏರ್ ಕೂಲರ್, ಪೋರ್ಟಬಲ್ ಎಸಿ, ಮೇಜಿನ ಮೇಲೆ ಇಡುವ ಮಿನಿ ಎಸಿ, ಈ ಮೂರರಲ್ಲಿ ಯಾವುದು ತಗೊಳ್ಳಬೇಕು?

ಮೂರನ್ನೂ ಅಕ್ಕಪಕ್ಕ ಇಟ್ಟು ಮಾರುವುದರಿಂದ ಮೂರೂ ಒಂದೇ ಕೆಲಸ ಮಾಡುತ್ತವೆ ಅನ್ನಿಸುತ್ತದೆ. ಹಾಗೇನಿಲ್ಲ. ಇಂಥ ಯಾವ ಯಂತ್ರ ನೋಡಿದರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಕೋಣೆಯ ಶಾಖವನ್ನು ಇದು ಎಲ್ಲಿಗೆ ಕಳಿಸುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ. ಉಳಿದ ಅರ್ಧವನ್ನು ನಿಮ್ಮ ಕಿಟಕಿಯ ಹೊರಗಿನ ಗಾಳಿ ಹೇಳುತ್ತದೆ.

ಮಿನಿ ಎಸಿಯನ್ನು ಮೊದಲೇ ಪಟ್ಟಿಯಿಂದ ತೆಗೆದುಬಿಡಿ. ಹೆಸರಿನಲ್ಲಿ ಎಸಿ ಇದ್ದರೂ ಒಳಗೆ ಕಂಪ್ರೆಸರ್ ಇರುವುದಿಲ್ಲ. ಒಂದು ಪುಟ್ಟ ಫ್ಯಾನ್, ಒದ್ದೆಯಾಗುವ ಒಂದು ಪ್ಯಾಡ್, ಅರ್ಧ ಲೀಟರ್ ನೀರು ಹಿಡಿಯುವ ಟ್ಯಾಂಕ್, ಅಷ್ಟೇ. ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ನೀರು ಆವಿಯಾಗುವಾಗ ಗಾಳಿಯಿಂದ ಸುಮಾರು 2,400 ಕಿಲೋಜೌಲ್ ಶಾಖ ಹೀರುತ್ತದೆ. ಕರೆಂಟಿನ ಲೆಕ್ಕದಲ್ಲಿ 0.67 ಯೂನಿಟ್. ಆ ಅರ್ಧ ಲೀಟರ್ ಐದು ಗಂಟೆಯಲ್ಲಿ ಖಾಲಿಯಾಯಿತು ಅಂದುಕೊಳ್ಳಿ. ಆಗ ಡಬ್ಬಿ ತೆಗೆಯುವ ಶಾಖ 67 ವ್ಯಾಟ್ ಆಸುಪಾಸು. ಸುಮ್ನೆ ಕೂತಿರುವ ಒಬ್ಬ ಮನುಷ್ಯನ ಮೈಯಿಂದಲೇ ಸುಮಾರು 100 ವ್ಯಾಟ್ ಶಾಖ ಹೊರಗೆ ಬರುತ್ತದೆ. ಅಂದರೆ ಕೋಣೆಯಲ್ಲಿ ನೀವಿರುವ ಬಿಸಿಯನ್ನೂ ಅದು ಪೂರ್ತಿ ತೆಗೆಯುವುದಿಲ್ಲ. ಮುಖಕ್ಕೆ ಹತ್ತಿರ ಇಟ್ಟುಕೊಂಡರೆ ಸ್ವಲ್ಪ ಹಿತ ಅನ್ನಿಸಬಹುದು. ಕೋಣೆ ತಂಪಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇದೇ ಲೆಕ್ಕದಿಂದ ಇನ್ನೊಂದು ಮಾತೂ ಗೊತ್ತಾಗುತ್ತದೆ. ಕೂಲರಿನ ಟ್ಯಾಂಕಿಗೆ ಐಸ್ ಹಾಕಿದರೆ ಜಾಸ್ತಿ ತಂಪು ಅಂತ ತುಂಬಾ ಜನ ಹೇಳುತ್ತಾರೆ. ಒಂದು ಕೆಜಿ ಐಸ್ ಕರಗುವಾಗ ಹೀರುವುದು 334 ಕಿಲೋಜೌಲ್ ಮಾತ್ರ. ಒಂದು ಲೀಟರ್ ನೀರು ಆವಿಯಾದರೆ ಏಳು ಕೆಜಿ ಐಸ್ ಕರಗಿದ್ದಕ್ಕೆ ಸಮ. ಕೂಲರಿನ ಶಕ್ತಿ ಇರುವುದು ನೀರು ಆವಿಯಾಗುವುದರಲ್ಲಿ, ನೀರು ತಣ್ಣಗಿರುವುದರಲ್ಲಲ್ಲ. ಮೇಲಾಗಿ ಆ ಐಸ್ ಮಾಡಲು ನಿಮ್ಮ ಫ್ರಿಜ್ ಅದಕ್ಕಿಂತ ಹೆಚ್ಚು ಶಾಖವನ್ನು ಮನೆಯೊಳಗೇ ಬಿಟ್ಟಿರುತ್ತದೆ.

ಈಗ ಕೂಲರ್ ವಿಷಯ. ಕೂಲರ್ ಶಾಖವನ್ನು ನೀರಿನ ಆವಿಗೆ ಸೇರಿಸುತ್ತದೆ. ಆ ಆವಿ ಕೋಣೆಯಿಂದ ಹೊರಗೆ ಹೋದರೆ ಮಾತ್ರ ಕೆಲಸ ಆದ ಹಾಗೆ. ಕಿಟಕಿ ಬಾಗಿಲು ಮುಚ್ಚಿ ಕೂಲರ್ ಹಾಕಿದರೆ ಮೊದಲ ಅರ್ಧ ಗಂಟೆ ಚೆನ್ನಾಗಿರುತ್ತದೆ, ಆಮೇಲೆ ಮೈ ಅಂಟಂಟು. ಹಾಸಿಗೆ ಕೂಡ ತೇವ ತೇವ ಅನ್ನಿಸುತ್ತದೆ. ಕೂಲರ್ ಸರಿ ಇಲ್ಲ ಅಂತ ಬೈಯುವವರಲ್ಲಿ ಅನೇಕರು ಅದನ್ನು ಮುಚ್ಚಿದ ಕೋಣೆಯ ಮೂಲೆಯಲ್ಲಿ ಇಟ್ಟಿರುತ್ತಾರೆ. ಅದರ ಬೆನ್ನು ಕಿಟಕಿಗೆ ಇರಬೇಕು. ಹೊರಗಿನ ಒಣ ಗಾಳಿಯನ್ನು ಅದು ಎಳೆದುಕೊಳ್ಳಬೇಕು. ಎದುರಿನ ಬಾಗಿಲು ಒಂದಿಷ್ಟು ತೆರೆದಿರಬೇಕು, ಆ ಬಾಗಿಲಿನಿಂದ ಗಾಳಿ ಮನೆ ದಾಟಿ ಹೊರಗೆ ಹೋಗಲು ಇನ್ನೊಂದು ಕಿಟಕಿಯೂ ತೆರೆದಿರಬೇಕು.

ಆದರೆ ಹೊರಗಿನ ಗಾಳಿಯೇ ತೇವವಾಗಿದ್ದರೆ? ಅದು ಇನ್ನಷ್ಟು ನೀರು ಕುಡಿಯುವುದಿಲ್ಲ. ಕೂಲರ್ ಎಷ್ಟೇ ದೊಡ್ಡದಿರಲಿ, ಆಗ ಬರುವುದು ಬರೀ ತೇವದ ಗಾಳಿ. ಇದನ್ನು ದುಡ್ಡು ಕೊಡುವ ಮೊದಲೇ ಮನೆಯಲ್ಲಿ ಅಳೆದು ನೋಡಬಹುದು. ನಿಮಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಕೋಣೆಯ ಉಷ್ಣತೆ ನೋಡುವ ಸಾದಾ ಥರ್ಮಾಮೀಟರ್ ಒಂದು ಬೇಕು. ಜ್ವರ ನೋಡುವುದು ಆಗುವುದಿಲ್ಲ. ನಿಮಗೆ ಸೆಕೆ ತಡೆಯಲಾಗದ ಹೊತ್ತಿನಲ್ಲಿ, ಕಿಟಕಿಯ ಹತ್ತಿರ, ನೆರಳಿನಲ್ಲಿ ಅದನ್ನು ಇಟ್ಟು ಎಷ್ಟು ತೋರಿಸುತ್ತದೆ ಬರೆದುಕೊಳ್ಳಿ. ಆಮೇಲೆ ತೆಳ್ಳಗಿನ ಹತ್ತಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ಥರ್ಮಾಮೀಟರಿನ ಬುಡಕ್ಕೆ ಒಂದು ಸುತ್ತು ಸುತ್ತಿ. ನೀರು ಫ್ರಿಜ್‌ನದಲ್ಲ, ಸುಮ್ನೆ ಹೊರಗಿಟ್ಟಿದ್ದ ನೀರು. ಈಗ ಟೇಬಲ್ ಫ್ಯಾನ್ ಮುಂದೆ ಹಿಡಿಯಿರಿ. ಅಂಕಿ ಇಳಿಯಲು ಶುರುವಾಗುತ್ತದೆ. ಮೊದಲು ಬೇಗ ಬೇಗ, ಆಮೇಲೆ ನಿಧಾನ, ಕೆಲವು ನಿಮಿಷಗಳಲ್ಲಿ ಒಂದು ಕಡೆ ನಿಂತುಬಿಡುತ್ತದೆ. ಬಟ್ಟೆ ಒಣಗಲು ಬಿಡಬೇಡಿ. ನಿಂತ ಅಂಕಿಯನ್ನೂ ಬರೆದುಕೊಳ್ಳಿ. ಜಗತ್ತಿನ ಯಾವ ಮಾಮೂಲಿ ಕೂಲರೂ ಆ ಗಾಳಿಯನ್ನು ಈ ಅಂಕಿಗಿಂತ ಕೆಳಗೆ ಇಳಿಸಲಾರದು. ಒಳ್ಳೆಯ ಕೂಲರ್ ಈ ಎರಡು ಅಂಕಿಗಳ ನಡುವಿನ ದೂರದಲ್ಲಿ ಮುಕ್ಕಾಲು ಭಾಗ ಕ್ರಮಿಸುತ್ತದೆ.

ಎರಡು ಉದಾಹರಣೆ ಕೊಡುತ್ತೇನೆ. ಗಾಳಿ 40 ಡಿಗ್ರಿ, ತೇವಾಂಶ ಶೇ. 20 ಇದ್ದರೆ ಒದ್ದೆ ಬಟ್ಟೆಯ ಅಂಕಿ 22-23 ಡಿಗ್ರಿಗೆ ಬರುತ್ತದೆ. ಆಗ ಕೂಲರಿನಿಂದ ಬರುವ ಗಾಳಿ ಸುಮಾರು 27 ಡಿಗ್ರಿ. ಸ್ವರ್ಗ! ಅದೇ ಗಾಳಿ 32 ಡಿಗ್ರಿ, ತೇವಾಂಶ ಶೇ. 70 ಇದ್ದರೆ ಒದ್ದೆ ಅಂಕಿ 27ರ ಮೇಲೆಯೇ ನಿಲ್ಲುತ್ತದೆ. ಕೂಲರ್ ಕೊಡುವುದು 28-29 ಡಿಗ್ರಿಯ, ಬೆವರು ಒಣಗಲು ಬಿಡದ ಗಾಳಿ. ಅದಕ್ಕಿಂತ ಬರೀ ಫ್ಯಾನ್ ವಾಸಿ. ನನ್ನ ಅಂದಾಜು ಹೀಗೆ: ವ್ಯತ್ಯಾಸ 10 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕಣ್ಣು ಮುಚ್ಚಿ ಕೂಲರ್ ತಗೊಳ್ಳಿ. 6 ಡಿಗ್ರಿಗಿಂತ ಕಡಿಮೆ ಇದ್ದರೆ ಕೂಲರ್ ಆಸೆ ಬಿಡಿ. ನಡುವೆ ಇದ್ದರೆ ಬೇರೆ ಬೇರೆ ದಿನ, ಹಗಲು ಮತ್ತು ಮಲಗುವ ಹೊತ್ತು, ಇನ್ನಷ್ಟು ಸಲ ಅಳೆಯಿರಿ. ಮಲಗುವ ಕೋಣೆಗೆ ರಾತ್ರಿಯ ಅಂಕಿಯೇ ಲೆಕ್ಕಕ್ಕೆ.

ಕೂಲರ್ ಅಂತ ತೀರ್ಮಾನ ಆದರೆ ಗಾತ್ರ ನೋಡಬೇಕು. ನಿಮ್ಮ ಕೋಣೆಯ ಎತ್ತರ 10 ಅಡಿ ಅಂದುಕೊಂಡರೆ 1,200 ಘನ ಅಡಿ ಗಾಳಿ. ಎರಡು ನಿಮಿಷಕ್ಕೊಮ್ಮೆ ಅಷ್ಟೂ ಗಾಳಿ ಬದಲಾಗಬೇಕು ಅನ್ನುವುದು ರೂಢಿಯ ಲೆಕ್ಕ. ಹಾಗಾದರೆ ನಿಮಿಷಕ್ಕೆ 600 ಘನ ಅಡಿ, ಅಂದರೆ ಗಂಟೆಗೆ ಸುಮಾರು 1,000 ಘನ ಮೀಟರ್. ಪೆಟ್ಟಿಗೆಯ ಮೇಲೆ ಗಾಳಿ ಎಷ್ಟು ಅಡಿ ದೂರ ಹೋಗುತ್ತದೆ ಅಂತಲೂ ದೊಡ್ಡದಾಗಿ ಬರೆದಿರುತ್ತಾರೆ. ಅದರಿಂದ ತಂಪಿನ ಬಗ್ಗೆ ಏನೂ ತಿಳಿಯುವುದಿಲ್ಲ, ಬಿಟ್ಟುಬಿಡಿ. ಒಣ ಗಾಳಿಯ ಬಿಸಿ ಹಗಲಿನಲ್ಲಿ ಇಷ್ಟು ದೊಡ್ಡ ಕೂಲರ್ ಗಂಟೆಗೆ 5-6 ಲೀಟರ್ ನೀರು ಕುಡಿಯುತ್ತದೆ. ಹಾಗಾಗಿ ಟ್ಯಾಂಕ್ 40 ಲೀಟರಿನದಾದರೆ ನಡುರಾತ್ರಿ ಎದ್ದು ನೀರು ತುಂಬಿಸುವ ಕೆಲಸ ಇರುವುದಿಲ್ಲ. ಪ್ಯಾಡ್ ಜೇನುಗೂಡಿನ ರೀತಿಯದಾದರೆ ಒಳ್ಳೆಯದು. ಹುಲ್ಲಿನಂಥ ಮರದ ನಾರಿನ ಪ್ಯಾಡ್ ಕೂಡ ಚೆನ್ನಾಗಿಯೇ ತಂಪು ಮಾಡುತ್ತದೆ, ಆದರೆ ಬೇಗ ಕುಸಿದು ನಡುವೆ ಖಾಲಿ ಜಾಗ ಬಿಡುತ್ತದೆ. ಬಿಸಿ ಗಾಳಿ ಆ ಸಂದಿಯಿಂದಲೇ ನುಗ್ಗುತ್ತದೆ.

ವಾರಕ್ಕೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಗೋಡೆಗಳನ್ನು ಬ್ರಷ್‌ನಿಂದ ಉಜ್ಜಿ. ದಯವಿಟ್ಟು ಇದನ್ನು ತಪ್ಪಿಸಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಅಂಚಿನ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಆ ಮೊಟ್ಟೆಗಳು ಒಣಗಿಕೊಂಡೇ ತಿಂಗಳುಗಟ್ಟಲೆ ಬದುಕಿರುತ್ತವೆ, ಮತ್ತೆ ನೀರು ಬಂದಾಗ ಒಡೆಯುತ್ತವೆ. ಹಾಗಾಗಿ ಬರೀ ನೀರು ಬದಲಾಯಿಸಿದರೆ ಸಾಲದು, ಉಜ್ಜಲೇಬೇಕು. ನಿಮ್ಮದು ಗಡಸು ನೀರಾದರೆ ಪ್ಯಾಡಿಗೆ ಬಿಳಿ ಸುಣ್ಣ ಕಟ್ಟುವುದೂ ಇದರಿಂದ ಕಡಿಮೆಯಾಗುತ್ತದೆ.

ಇನ್ನು ಪೋರ್ಟಬಲ್ ಎಸಿ. ಇದರಲ್ಲಿ ಕಂಪ್ರೆಸರ್ ಇದೆ, ಶಾಖವನ್ನು ದಪ್ಪ ಪೈಪಿನಿಂದ ಹೊರಗೆ ಹಾಕುತ್ತದೆ. ಗಾಳಿಯ ತೇವವನ್ನೂ ಇಳಿಸುತ್ತದೆ. ತೇವದ ಸೆಕೆಗೆ ಈ ಮೂರರಲ್ಲಿ ನಿಜವಾದ ಪರಿಹಾರ ಇದೊಂದೇ. ಪೈಪೇ ಬೇಡದ ಎಸಿ ಅಂತ ಯಾರಾದರೂ ತೋರಿಸಿದರೆ ನನ್ನ ಮೊದಲ ಪ್ರಶ್ನೆ ನೆನಪಿಸಿಕೊಳ್ಳಿ. ಶಾಖ ಹೊರಗೆ ಹೋಗುವ ದಾರಿಯೇ ಇಲ್ಲದಿದ್ದರೆ ಅದು ಎಸಿ ಆಗಿರಲು ಸಾಧ್ಯವಿಲ್ಲ, ಅಲ್ವಾ?

ಒಂದೇ ಪೈಪ್ ಇರುವ ಎಸಿಗಳೇ ಜಾಸ್ತಿ ಸಿಗುತ್ತವೆ. ಅವುಗಳಲ್ಲಿ ಒಂದು ಮೂಲ ತೊಂದರೆ ಇದೆ. ಯಂತ್ರದ ಬಿಸಿ ಭಾಗವನ್ನು ತಣಿಸಲು ಅದು ಕೋಣೆಯ ಗಾಳಿಯನ್ನೇ ಬಳಸಿ ಹೊರಗೆ ಊದುತ್ತದೆ, ಗಂಟೆಗೆ ಸುಮಾರು 300 ಘನ ಮೀಟರ್‌ನಷ್ಟು. ನಿಮ್ಮ ಕೋಣೆಯಲ್ಲಿ ಇರುವ ಗಾಳಿಯೇ 34 ಘನ ಮೀಟರ್. ಹೊರಗೆ ಹೋದಷ್ಟು ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕು. ಬಾಗಿಲಿನ ಕೆಳಗಿನಿಂದ, ಕಿಟಕಿಯ ಸಂದಿಯಿಂದ ಬಿಸಿ ಗಾಳಿ ನುಗ್ಗುತ್ತಲೇ ಇರುತ್ತದೆ. ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ. ಹೊರಗೆ ಬಿಸಿ ಜಾಸ್ತಿಯಾದಷ್ಟೂ ನಷ್ಟವೂ ಜಾಸ್ತಿ. ಎರಡು ಪೈಪ್ ಇರುವ ಮಾದರಿ ಒಂದರಿಂದ ಹೊರಗಿನ ಗಾಳಿ ತಂದು, ಬಿಸಿ ಭಾಗವನ್ನು ತಣಿಸಿ, ಇನ್ನೊಂದರಿಂದ ಹೊರಗೆ ಹಾಕುತ್ತದೆ. ಒಂದು ಪೈಪಿನೊಳಗೆ ಇನ್ನೊಂದನ್ನು ಸೇರಿಸಿದ ಮಾದರಿಗಳೂ ಇವೆ. ಸಿಕ್ಕಿದರೆ ಇಂಥದ್ದನ್ನೇ ತಗೊಳ್ಳಿ.

ಗಂಟೆಗೆ ಎಷ್ಟು ಶಾಖ ತೆಗೆಯುತ್ತದೆ ಅಂತ ಹೇಳುವ, ಪೆಟ್ಟಿಗೆಯ ಮೇಲಿನ ಬಿಟಿಯು ಅಂಕಿಯಲ್ಲೂ ಇದೇ ಕಾರಣಕ್ಕೆ ಗೊಂದಲ ಇದೆ. ಕೆಲವು ಯಂತ್ರಗಳ ಮೇಲೆ ಎರಡು ಅಂಕಿ ಇರುತ್ತವೆ. ದೊಡ್ಡ ಅಂಕಿ ಈ ನುಗ್ಗುವ ಗಾಳಿಯನ್ನು ಲೆಕ್ಕಕ್ಕೆ ಹಿಡಿಯದ ಹಳೆಯ ಪರೀಕ್ಷೆಯದು. ಎಸ್‌ಎಸಿಸಿ ಅನ್ನುವ ಚಿಕ್ಕ ಅಂಕಿ ಆ ನಷ್ಟವನ್ನೂ, ಪೈಪಿನ ಬಿಸಿಯನ್ನೂ ಕಳೆದು ಬರೆದದ್ದು. 14,000 ಬಿಟಿಯು ಅಂತ ಇರುವ ಒಂದು ಪೈಪಿನ ಯಂತ್ರಕ್ಕೆ ಎಸ್‌ಎಸಿಸಿ 8,000ದಿಂದ 10,000 ಇರುವುದು ಸಾಮಾನ್ಯ. ಚಿಕ್ಕ ಅಂಕಿಯನ್ನೇ ನಂಬಿ. 120 ಚದರ ಅಡಿಗೆ ಎಸ್‌ಎಸಿಸಿ 6,000 ಆಸುಪಾಸು ಸಾಕಾಗಬಹುದು. ಮೇಲೆ ಕಾದ ತಾರಸಿ, ಕಿಟಕಿಗೆ ಸಂಜೆ ಬಿಸಿಲು ಇದ್ದರೆ 8,000ಕ್ಕಿಂತ ಕೆಳಗೆ ಹೋಗಬೇಡಿ.

ಕೊಳ್ಳುವ ಮೊದಲು ಟೇಪ್ ಹಿಡಿದು ಕಿಟಕಿ ಅಳೆಯಿರಿ. ಪೈಪಿನ ದಪ್ಪ 13-15 ಸೆಂಟಿಮೀಟರ್. ಜೊತೆಗೆ ಬರುವ ಪಟ್ಟಿ ಸರಿಯುವ ಕಿಟಕಿಗೆ ಹೊಂದುತ್ತದೆ. ಹೊರಕ್ಕೆ ತೆರೆಯುವ ಕಿಟಕಿಗೆ ಜಿಪ್ ಇರುವ ಬಟ್ಟೆಯ ಸೀಲ್ ಬೇಕು, ಅಥವಾ ಪ್ಲೈವುಡ್ ಹಲಗೆಯಲ್ಲಿ ದುಂಡಗೆ ತೂತು ಕೊರೆಸಬೇಕು. ಕಿಟಕಿಗೆ ಸರಳುಗಳಿದ್ದರೆ ಪೈಪಿನ ಬಾಯಿ ಅವುಗಳ ನಡುವೆ ತೂರುತ್ತದಾ ನೋಡಿ. ತೂರದಿದ್ದರೆ ಹಲಗೆಯನ್ನು ಸರಳಿನ ಒಳಗಡೆ ಕೂರಿಸಿ, ಬಿಸಿ ಗಾಳಿ ಸರಳಿನ ಸಂದಿಯಿಂದ ನೇರ ಆಚೆ ಹೋಗುವ ಹಾಗೆ ಮಾಡಬಹುದು. ಪೈಪ್ ಸಾಧ್ಯವಾದಷ್ಟು ಗಿಡ್ಡ, ನೆಟ್ಟಗೆ ಇರಲಿ. ಇನ್ನೊಂದು ತುಂಡು ಜೋಡಿಸಿ ಉದ್ದ ಮಾಡಬೇಡಿ, ಯಂತ್ರಕ್ಕೆ ಉಸಿರು ಕಟ್ಟುತ್ತದೆ. ಅರ್ಧ ಗಂಟೆ ಓಡಿದ ಮೇಲೆ ಪೈಪ್ ಮುಟ್ಟಿ ನೋಡಿ, ಒಳ್ಳೆ ಬಿಸಿ ಇರುತ್ತದೆ. ಆ ಬಿಸಿ ಮತ್ತೆ ಕೋಣೆಗೇ ಬರುತ್ತಿದೆ ಅಂತ ಅರ್ಥ. ಶಾಖ ತಡೆಯುವ ಹೊದಿಕೆ ಸುತ್ತಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಸದ್ದಿನ ಬಗ್ಗೆ ಮುಚ್ಚಿಡದೆ ಹೇಳುತ್ತೇನೆ. ಸ್ಪ್ಲಿಟ್ ಎಸಿಯಲ್ಲಿ ಕಂಪ್ರೆಸರ್ ಹೊರಗೆ ಇರುತ್ತದೆ. ಇದರಲ್ಲಿ ನಿಮ್ಮ ಮಂಚದ ಪಕ್ಕದಲ್ಲೇ ಇರುತ್ತದೆ. 50ರಿಂದ 60 ಡೆಸಿಬೆಲ್ ಸದ್ದು, ಜೊತೆಗೆ ಕಂಪ್ರೆಸರ್ ನಿಂತು ಮತ್ತೆ ಶುರುವಾಗುವ ಗುದ್ದು. ಸಣ್ಣ ಸದ್ದಿಗೂ ಎಚ್ಚರವಾಗುವವರು ಇನ್ವರ್ಟರ್ ಮಾದರಿ ನೋಡಿ, ಅದು ನಿಲ್ಲದೆ ನಿಧಾನವಾಗಿ ಓಡುತ್ತದೆ. ತೂಕವೂ 25-35 ಕೆಜಿ. ಚಕ್ರ ಇದ್ದರೂ ಮೆಟ್ಟಿಲು ಹತ್ತಿಸಲು ಇಬ್ಬರು ಬೇಕು.

ಕರೆಂಟಿನ ವಿಷಯದಲ್ಲಿ ಎರಡಕ್ಕೂ ಅಜಗಜಾಂತರ. ಕೂಲರಿಗೆ 100ರಿಂದ 200 ವ್ಯಾಟ್, ಪೋರ್ಟಬಲ್ ಎಸಿಗೆ 1,000ದಿಂದ 1,400 ವ್ಯಾಟ್. ಎಸಿಯನ್ನು ತೆಳ್ಳಗಿನ ಎಕ್ಸ್‌ಟೆನ್ಷನ್ ವೈರಿಗೆ ಸಿಕ್ಕಿಸಲೇಬೇಡಿ, ದೊಡ್ಡ ಪ್ಲಗ್ ಪಾಯಿಂಟಿಗೆ ನೇರ ಹಾಕಿ. ಕೂಲರಿಗೆ ಕರೆಂಟ್ ಕಡಿಮೆ ಸಾಕು, ಆದರೆ ನೀರು ಮತ್ತು ವೈರ್ ಒಟ್ಟಿಗೆ ಇರುವ ಯಂತ್ರ. ಅರ್ಥಿಂಗ್ ಸರಿ ಇದೆಯಾ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ನೀರು ತುಂಬಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ.

ಯಾವುದನ್ನೇ ತಗೊಳ್ಳಿ, ಕಿಟಕಿಗೆ ಹೊರಗಡೆಯಿಂದ ನೆರಳು ಮಾಡಿ. ನೇರ ಬಿಸಿಲು ಬೀಳುವ ಒಂದು ಚದರ ಮೀಟರ್ ಗಾಜಿನಿಂದ 500 ವ್ಯಾಟಿಗಿಂತ ಜಾಸ್ತಿ ಶಾಖ ಒಳಗೆ ಬರಬಹುದು. ಒಳಗಿನ ಪರದೆ ಅದನ್ನು ತಡೆಯುವ ಹೊತ್ತಿಗೆ ಬಿಸಿಲು ಗಾಜು ದಾಟಿ ಆಗಿರುತ್ತದೆ. ಎಸಿ ಜೊತೆ ಸೀಲಿಂಗ್ ಫ್ಯಾನನ್ನೂ ನಿಧಾನಕ್ಕೆ ಓಡಿಸಿ, 24ರ ಬದಲು 26-27 ಡಿಗ್ರಿಗೆ ಇಟ್ಟರೂ ಹಾಯಾಗಿರುತ್ತದೆ. ಮನೆಯಲ್ಲಿ ವಯಸ್ಸಾದವರು ಅಥವಾ ಹಸುಗೂಸು ಇದ್ದರೆ ಮಾತ್ರ ಒಂದು ಎಚ್ಚರಿಕೆ: ಕೋಣೆ 40 ಡಿಗ್ರಿ ದಾಟಿದಾಗ ಬರೀ ಫ್ಯಾನ್ ನೆಚ್ಚಿಕೊಳ್ಳಬೇಡಿ. ಮೈಗಿಂತ ಬಿಸಿಯಾದ ಗಾಳಿಯನ್ನು ಅದು ಮೈಗೇ ಊದುತ್ತದೆ.

ನಿಮ್ಮ ಕಿಟಕಿ ಹೇಗೆ ತೆರೆಯುತ್ತದೆ, ಕೋಣೆಯ ಮೇಲೆ ತಾರಸಿ ಇದೆಯಾ ಅಂತ ನೀವು ಬರೆದಿಲ್ಲ. ಅವೆರಡನ್ನೂ, ಒಣ ಮತ್ತು ಒದ್ದೆ ಥರ್ಮಾಮೀಟರಿನ ರಾತ್ರಿಯ ಅಂಕಿಗಳನ್ನೂ ಇಲ್ಲೇ ಕೆಳಗೆ ಹಾಕಿ. ಯಾವ ಗಾತ್ರದ್ದು ಬೇಕು ಅಂತ ಲೆಕ್ಕ ಮಾಡಿ ಹೇಳುತ್ತೇನೆ.