ಪವರ್ ಅಲ್ಲ, ತೂಕ ಮತ್ತು ಅಳತೆ ನೋಡಿ

‘ಕಾರಿಗೆ ಕಟ್ಟಿ ಎಳೆಯುವ ಕ್ಯಾರವಾನ್ (ಚಕ್ರದ ಮೇಲಿನ ಪುಟ್ಟ ಮನೆ) ಸಾಮಾನು ತುಂಬಿದಾಗ 1,300 ಕೆಜಿ, ಕಾರು 1,350 ಕೆಜಿ, ಎಂಜಿನ್ ಪವರ್ ಜಾಸ್ತಿ ಇದೆ, ಸಾಕಲ್ವಾ?’ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಪವರ್ ಇದ್ದರೆ ಏರು ಹತ್ತಬಹುದು, ಕ್ಯಾರವಾನ್ ಅಕ್ಕಪಕ್ಕ ಓಲಾಡುವುದು ನಿಲ್ಲುವುದಿಲ್ಲ.

ಇಲ್ಲಿ ಬ್ರಿಟನ್ನಿನಲ್ಲಿ ಹೊಸಬರಿಗೆ ಹೇಳುವ ಲೆಕ್ಕ: ಕ್ಯಾರವಾನ್ ತೂಕ ಕಾರಿನದರ 85% ಒಳಗಿರಲಿ. ಕಾನೂನಲ್ಲ, ಸಲಹೆ. ನಿಮ್ಮದು 96% ಆಗುತ್ತದೆ. 1,530 ಕೆಜಿ ಆಸುಪಾಸಿನ ಕಾರು ಹುಡುಕಿ.

ನೋಡಲು ಹೋದಾಗ ಟೇಪ್ ಒಯ್ಯಿರಿ. ಕಾರಿನ ಹಿಂದಿನ ಆಕ್ಸಲ್‌ನಿಂದ ಟೋಬಾಲ್‌ವರೆಗೆ (ಕ್ಯಾರವಾನ್ ಸಿಕ್ಕಿಸುವ ಗುಂಡು) ಅಳೆಯಿರಿ. ಅದು ಗಿಡ್ಡ ಇದ್ದಷ್ಟೂ, ಮುಂದಿನ ಹಿಂದಿನ ಚಕ್ರಗಳ ಅಂತರ ಉದ್ದ ಇದ್ದಷ್ಟೂ ಒಳ್ಳೆಯದು. ಆಕ್ಸಲ್ ಹಿಂದಿನ ಈ ಬಾಲ ಉದ್ದವಾದರೆ ಕ್ಯಾರವಾನ್ ಅದನ್ನೇ ಸನ್ನೆಕೋಲು ಮಾಡಿಕೊಂಡು ಕಾರನ್ನು ತಿರುಗಿಸುತ್ತದೆ. ನನ್ನ ಹಳೆಯ ಕಾರಿನಲ್ಲಿ ಇದನ್ನು ಅನುಭವಿಸಿದ್ದೇನೆ. ಎಂ6 ಹೆದ್ದಾರಿಯಲ್ಲಿ ಲಾರಿಯೊಂದು ಪಕ್ಕದಲ್ಲಿ ಹಾದಾಗ ಸ್ಟೀರಿಂಗ್ ಹಗುರಾಯಿತು, ಕ್ಯಾರವಾನ್ ಅಂಚು ಒಮ್ಮೆ ಎಡ ಕನ್ನಡಿಯಲ್ಲಿ, ಒಮ್ಮೆ ಬಲ ಕನ್ನಡಿಯಲ್ಲಿ ಕಾಣತೊಡಗಿತು. ಹಾಗಾದರೆ ಜೋರಾಗಿ ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ಸ್ಟೀರಿಂಗ್ ನೇರ ಹಿಡಿಯಿರಿ.

ಕಾರಿನ ಟೋಬಾರ್ (ಟೋಬಾಲ್ ಕೂರಿಸಿದ ಕಂಬಿ) ಎಷ್ಟು ಭಾರ ಹೊರಬಲ್ಲದು ಅಂತಲೂ ಕೇಳಿ. ಕ್ಯಾರವಾನ್ ತೂಕದ 5ರಿಂದ 7% ಅದರ ಮೇಲೆ ಕೂರಬೇಕು.